ಮೂವತ್ತೊಂಬತ್ತನೆಯ ಲಕೋಟೆ

ಲಕೋಟೆ ಕಂದು. ಬೆಳಕಿಗೆ ಹಿಡಿದರೂ ಕಾಣದಿರಲೆಂದು
ಒಳಗೊಂದು ಕಪ್ಪು ಕಾಗದ.
ಹಿಡಿದು ನೋಡಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದುರ್ಗಿಗುಡಿಯ ಆಸ್ಪತ್ರೆ, ಎರಡನೇ ಮಹಡಿ.
ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಎರಡು ಮುಲಾಮು,
ಹಳೆಯದೊಂದು, ಹೊಸದೊಂದು.
ಯಾರಿಗೆ ಯಾವುದೆಂಬುದು ನನ್ನ ಕೈಲಿಲ್ಲ, ಡಾಕ್ಟರ ಕೈಲೂ ಇಲ್ಲ.
ಎಲ್ಲೋ ಕೂತ ಯಂತ್ರ
ಕವಡೆ ಚೆಲ್ಲಿದ ಹಾಗೆ ಅಂಕಿ ಚೆಲ್ಲಿ
ಅಂಟು ಹಾಕಿ ಕಳಿಸಿದೆ.

ಆವತ್ತು ಬೆಂಚಿನ ಮೇಲೆ ಇಬ್ಬರು.
ಭದ್ರಾವತಿಯಲ್ಲಿ ಮೂವತ್ತು ವರ್ಷ
ಕುಲುಮೆಯೆದುರು ನಿಂತ ಹುಚ್ಚರಾಯಪ್ಪ.
ಸೀಗೆಹಟ್ಟಿಯಲ್ಲಿ ಬೀಡಿ ಕಟ್ಟುವ ನೂರುನ್ನಿಸಾ,
ಇನ್ನೂ ಮೂವತ್ತಾರು, ಹೆಬ್ಬೆರಳು ಆಗಲೇ ಹೋಗಿದೆ,
ಚಪ್ಪಲಿಯನ್ನು ಹಗ್ಗದಲ್ಲಿ ಕಟ್ಟಿಕೊಂಡಿದ್ದಾಳೆ.

ಹುಚ್ಚರಾಯಪ್ಪ ಕೇಳಿದರು:
'ದೇವರ ಹತ್ರ ಹೂ ಕೇಳಿದ ಹಾಗೇನಮ್ಮ?
ಬಲಕ್ಕೆ ಬಿದ್ದರೆ ಆಗುತ್ತೆ, ಎಡಕ್ಕೆ ಬಿದ್ದರೆ ಇಲ್ಲ?'
ಅಲ್ಲ ಅಂದೆ. ಹೂವಿಗೆ ನಿಮ್ಮ ಹೆಸರು ಗೊತ್ತು,
ತೀರಿಸದ ಹರಕೆ ಗೊತ್ತು. ಇದಕ್ಕೆ ಏನೂ ಗೊತ್ತಿಲ್ಲ.
'ಹಾಗಾದರೆ ವಾಸಿ' ಎಂದು ಸಹಿ ಮಾಡಿದರು.

ಹೊಸದಿದ್ದರೆ ಅವಳಿಗೆ, ಇವರಿಗೆ ಮುಂದಿನದು
ಎಂದುಕೊಂಡೇ ಟ್ಯೂಬ್‌ಲೈಟಿಗೆ ಎತ್ತಿದೆ.
ಕಂಡದ್ದು ನನ್ನ ಬೆರಳಂಚಿನ ಕೆಂಪು.

ಲೆಕ್ಕದ ಭಾರ್ಗವಿಗೆ ಹೇಳಿದೆ. ಬೈಯಲಿಲ್ಲ.
ಹಿಂದೊಮ್ಮೆ ಸೆಲೆಸ್ತಿನ್ ಸಿಸ್ಟರ್ ಹೀಗೇ ಮರುಗಿ
ತೀರಾ ಕೊಳೆತ ಕಾಲುಗಳಿಗೆಲ್ಲ ಹೊಸ ಮದ್ದು ದಾಟಿಸಿದ್ದರಂತೆ.
ಮದ್ದೇ ಕಾಲು ತಿಂದಿತೆಂದು ವರದಿ ಬಂತು.
ಒಳ್ಳೆಯ ಮದ್ದಿತ್ತೇನೋ. ಯಾರಿಗೆ ಗೊತ್ತು.

'ವಯಸ್ಸು ಕೊಡಿ, ಕಳೆಯುತ್ತೇನೆ,' ಎಂದಳು.
'ಸಕ್ಕರೆ ಎಷ್ಟು, ಹುಣ್ಣಿನಗಲ ಎಷ್ಟು, ಕೊಡಿ.
ತುಪ್ಪ ತೂಗುವಾಗ ಪಾತ್ರೆಯ ಭಾರಕ್ಕೆ
ಎದುರು ತಟ್ಟೆಯಲ್ಲಿ ಕಲ್ಲಿಡುವುದಿಲ್ಲವೇ, ಹಾಗೆ.
ಆದರೆ ರಾತ್ರಿ ಯಾರ ಹುಣ್ಣನ್ನು ಯಾರು ತೊಳೆಯುತ್ತಾರೆ,
ನಲ್ಲಿಯವರೆಗೆ ಯಾರು ಬರಿಗಾಲಲ್ಲಿ ಹೋಗುತ್ತಾರೆ,
ನೀವು ಬರೆಯದ್ದಕ್ಕೆ ನಾನು ಯಾವ ಕಲ್ಲು ಹುಡುಕಲಿ?
ಕುರುಡು ಚೀಟಿ ಅದನ್ನೂ ಎರಡು ಪಾಲು ಮಾಡುತ್ತದೆ,
ಅದೇನೆಂದು ತಿಳಿಯದೆಯೇ.
ಪೂರಾ ಸಮ ಅಲ್ಲ. ಜನ ಹೆಚ್ಚಿದಷ್ಟೂ ಸಮ.'

ಹೊಸದು ಹುಚ್ಚರಾಯಪ್ಪನವರಿಗೇ ಹೋಯಿತು.
ಶ್ರಾವಣದ ಹೊತ್ತಿಗೆ ಮೊಣಕಾಲ ಕೆಳಗೆ ತೆಗೆದರು.
ಹಳೆಯದರಲ್ಲೇ ನೂರುನ್ನಿಸಾಳ ಹುಣ್ಣು ಮಾಯಿತು,
ಹಗ್ಗ ಬಿಚ್ಚಿದ್ದಾಳೆ.
ಇಬ್ಬರಿಂದ ಏನೂ ತಿಳಿಯುವುದಿಲ್ಲ.
ಇನ್ನೂ ಇನ್ನೂರ ಹತ್ತು ಜನ ಬೇಕು.

ಕೊನೆಯ ತಪಾಸಣೆಗೆ ಊರುಗೋಲೂರಿ ಮೆಟ್ಟಿಲು ಹತ್ತಿ ಬಂದರು.
ನೋಡಲು ಕಾಲೇ ಇಲ್ಲವಲ್ಲ,
ಯಾಕೆ ಬಂದಿರೆಂದು ಕೇಳುವಷ್ಟರಲ್ಲಿ
'ನಂದೂ ಲೆಕ್ಕಕ್ಕೆ ಬರುತ್ತೇನಮ್ಮ?'

ಬರುತ್ತದೆ ಅಂದೆ. ಹೊಸದರ ಪಾಲಿಗೇ.
ಮೂವತ್ತೊಂಬತ್ತು ಎಂದು ಬರೆದುಕೊಂಡು,
ಲಿಫ್ಟು ಕೆಟ್ಟಿತ್ತಲ್ಲ,
ಕೆಳಗಿನವರೆಗೂ ಜೊತೆಗೆ ಇಳಿದೆ.