ತಣ್ಣೀರಿನ ಗುಳ್ಳೆ

ಕೆರಗೋಡು ದಾಟಿ ಎರಡು ಮೈಲಿಗೆ
ಮುಳ್ಳು ಮತ್ತೆ ಕೆಂಪಿಗೆ ಹತ್ತಿತು.
ಗಾಜಿನ ಮೇಲೆ ಬೆರಳಲ್ಲಿ ತಟ್ಟಿದೆ.
ತಟ್ಟಿದರೆ ಇಳಿಯುತ್ತದೆಂದು
ಒಂದು ವಾರದಿಂದ ನಂಬಿಕೊಂಡಿದ್ದೆ.

ಹಿಂದೆ ನಲವತ್ತು ಚೀಲ ಅಚ್ಚುಬೆಲ್ಲ,
ಪಕ್ಕದಲ್ಲಿ ದೊಡ್ಡತಾಯಮ್ಮ.
ಆಲೆಮನೆ ಅವಳದು,
ಗಾಡಿಯ ಅರ್ಧ ದುಡ್ಡೂ ಅವಳದೇ.
"ಏನ್ಲಾ ಜವರ, ಸಿಹಿ ವಾಸ್ನೆ ಬತ್ತಾದೆ."
ಬೆಲ್ಲ ಐತಲ್ಲವ್ವ ಹಿಂದೆ, ಅಂದೆ.
"ನಮ್ ಬೆಲ್ಲದ್ದಲ್ಲ ಕನಾ ಅದು."

ಆಮೇಲೆ ಬಾನೆಟ್ಟಿನಿಂದ ಬಿಳಿ ಹೊಗೆ,
ಆಮೇಲೆ ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನ ಹಗ್ಗ,
ಆಮೇಲೆ ಗುತ್ತಲು ರಸ್ತೆಯಲ್ಲಿ ಜಬೀವುಲ್ಲಾನ ಶೆಡ್ಡು.
ರಾತ್ರಿಯೆಲ್ಲ ಅವಳು ಕ್ಯಾಬಿನ್ನಿನಲ್ಲಿ,
ನಾನು ಚೀಲಗಳ ಮೇಲೆ, ಇರುವೆಗಳ ಜೊತೆ.

ಬೆಳಿಗ್ಗೆ ಜಬೀವುಲ್ಲಾ ಡಾಕ್ಟರನಂತೆ ಕೇಳಿದ:
ದಿನಕ್ಕೆ ಎಷ್ಟು ನೀರು ಕುಡೀತದೆ?
ಒಂದು ಬಾಟ್ಲು, ಅಂದೆ.
ಅವಳು ನನ್ನ ಕಡೆ ನೋಡಲಿಲ್ಲ.
ಎಲೆಗೆ ಸುಣ್ಣ ಸವರುತ್ತಿದ್ದಳು.

ಬೆಲ್ಟು ಎಳೆದು ನೋಡಿದ, ಬಿಗಿಯಾಗಿತ್ತು.
ಪಂಪು ತಿರುಗಿಸಿದ, ತಿರುಗಿತು.
ಥರ್ಮೋಸ್ಟಾಟು ಬಿಚ್ಚಿ ಟೀ ಪಾತ್ರೆಗೆ ಹಾಕಿ
ಸ್ಟವ್ ಹಚ್ಚಿದ. ನೀರು ಕಾದಂತೆ
ಗುಬ್ಬಿಮರಿಯ ಹಾಗೆ ಬಾಯಿ ಬಿಟ್ಟಿತು.
ಡಿಪ್‌ಸ್ಟಿಕ್ ಎಳೆದು ಮೂಗಿಗೆ ಹಿಡಿದ.
ಎಣ್ಣೆ ಕಪ್ಪಗೇ ಇತ್ತು,
ಮಜ್ಜಿಗೆ ಬೆರೆಸಿದಂತೆ ಬೆಳ್ಳಗಾಗಿರಲಿಲ್ಲ.
"ಗ್ಯಾಸ್ಕೆಟ್ ಅಲ್ಲ ಬಿಡಿ. ರೇಡಿಯೇಟರ್ ಕಟ್ಟಿದೆ,
ಬಿಚ್ಚಿ ತೊಳೆಸೋಣ."

ನೀರು ತುಂಬಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿದ.
ದೊಡ್ಡತಾಯಮ್ಮ ಎದ್ದು ಬಂದಳು,
ಸೆರಗು ಸಿಕ್ಕಿಸಿ ರೇಡಿಯೇಟರಿಗೆ ಬಗ್ಗಿದಳು.
ಮೂವತ್ತು ವರ್ಷ ಕೊಪ್ಪರಿಗೆಗೆ ಬಗ್ಗಿದವಳು.
ಮೊದಲು ರಾಗಿಕಾಳು, ಆಮೇಲೆ ಮೀನುಕಣ್ಣು,
ಕೊನೆಗೆ ಹಸುವಿನ ಕಣ್ಣಿನಷ್ಟು ಗುಳ್ಳೆ,
ಆಗ ಹದ, ಆಗ ಇಳಿಸು ಅನ್ನುವವಳು.
ಬೆರಳು ಅದ್ದಿದಳು.
"ನೀರು ತಣ್ಣಗದೆ.
ಗುಳ್ಳೆ ಬತ್ತಾ ಅದೆ.
ಕುದೀದೆ ಇರೋ ನೀರಲ್ಲಿ ಗುಳ್ಳೆ ಎಂಗ್ ಬಂದದು ಸಾಬ್ರೆ?
ಯಾರೋ ಒಳಗಿಂದ ಊದ್ತಾವ್ರೆ."

ಜಬೀವುಲ್ಲಾ ಕೈ ಒರೆಸಿಕೊಂಡ. ಎರಡು ಸಲ.
ಹುಡುಗನಿಂದ ಒಂದು ಪ್ಲಾಸ್ಟಿಕ್ ಕವರ್ ತರಿಸಿ
ರೇಡಿಯೇಟರ್ ಬಾಯಿಗೆ ಕಟ್ಟಿ
ಮತ್ತೆ ಕೀಲಿ ತಿರುಗಿಸಲು ಹೇಳಿದ.
ಕವರು ಉಬ್ಬಿತು,
ಕಪ್ಪೆಯ ಗಂಟಲಿನಂತೆ,
ಎಂಜಿನ್ನಿನ ಒಂದೊಂದು ಹೊಡೆತಕ್ಕೂ ಒಂದೊಂದು ಗುಟುಕು.
"ನಲವತ್ತು ವರ್ಷದ ಕೆಲಸ ನಂದು," ಅಂದ ಯಾರಿಗೋ.

ಹೆಡ್ ಇಳಿಸಲು ಮಧ್ಯಾಹ್ನವಾಯಿತು.
ಗ್ಯಾಸ್ಕೆಟ್ಟನ್ನು ಬಿಸಿಲಿಗೆ ಹಿಡಿದು ತೋರಿಸಿದ.
ಎರಡನೇ ಸಿಲಿಂಡರಿನಿಂದ ನೀರಿನ ತೂತಿಗೆ
ಬೇಳೆಕಾಳು ಅಗಲದ ಕರಿ ಹಾದಿ,
ಬೆಂಕಿ ಕದ್ದು ಓಡಾಡಿದ್ದು.
ಹೆಡ್ಡಿನ ಮೇಲೆ ಸ್ಕೇಲ್ ಇಟ್ಟು, ಹಿಂದೆ ಟಾರ್ಚ್ ಹಿಡಿದ.
ಕೂದಲೆಳೆಯಷ್ಟು ಬೆಳಕು ತೂರಿ ಬಂತು.
"ಬಗ್ಗಿದೆ. ಬಹಳ ಕಾಸಿದ್ದೀರ."

ಅವಳು ಆಗ ಕೇಳಿದಳು, ಮೆಲ್ಲಗೆ:
"ದಿನಕ್ಕೆ ಎಷ್ಟು ಬಿಂದಿಗೆ ಉಯ್ತಿದ್ದೆ?"
ಮೂರು, ಅಂದೆ. ನಾಲೆ ನೀರು.
ಹೂಂ ಅಂದಳು, ಅಷ್ಟೇ.
ಆಟೋದವನನ್ನು ಕರೆದು
ಆರಾರು ಚೀಲದಂತೆ ಬೆಲ್ಲ ಮಂಡಿಗೆ ಸಾಗಿಸಲು ನಿಂತಳು.
ಒಂದು ಅಚ್ಚು ಮುರಿದು
ಶೆಡ್ಡಿನ ಹುಡುಗನ ಕೈಗೆ ಕೊಟ್ಟಳು.
ನನಗೆ ಕೊಡಲಿಲ್ಲ.

ಫೇಸಿಂಗ್ ಮಾಡಿಸಲು ಮೈಸೂರಿಗೇ ಹೋಗಬೇಕು,
ಬನ್ನಿಮಂಟಪದ ಲೇತಿಗೆ.
ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ.
ಕಂಡಕ್ಟರು ಎತ್ತಿ ನೋಡಿ ಲಗೇಜು ಹರಿದ.
ಶ್ರೀರಂಗಪಟ್ಟಣದ ಸೇತುವೆ ಮೇಲೆ
ಪಕ್ಕದ ಯಜಮಾನರು ಕೇಳಿದರು,
ಏನಪ್ಪ, ಎಣ್ಣೆ ಸೋರ್ತಾ ಐತೆ, ಏನದು?
ತಲೆ, ಅಂದೆ.
ಅವರು ಎದ್ದು ಹಿಂದಿನ ಸೀಟಿಗೆ ಹೋದರು.