ಎರಡನೇ ಕರಡು

ಹತ್ತೊಂಬತ್ತು ವರ್ಷ ಆತು,
ಗದಗಿನ ಸ್ಟೇಷನ್ ರೋಡಿನ ಪ್ರೆಸ್ಸಿನಾಗ
ಮಂದಿ ತಪ್ಪು ಹುಡುಕೋದು ನನ್ನ ಹೊಟ್ಟಿಪಾಡು.
‘ಚಿ.ರಾ.’ ಇದ್ದಲ್ಲಿ ‘ಚಿ.ಸೌ.’ ಕುಂತಿದ್ರ,
‘ಆಮಂತ್ರಣ’ದ ಣ ಸೊರಗಿ ನ ಆಗಿದ್ರ
ಕೆಂಪು ಗೀಟು.

ಈಗ ನನ್ನದ ಲಗ್ನಪತ್ರ ಮಷಿನ್ನಿನ ಮ್ಯಾಲೈತಿ.
“ತಪ್ಪೈತಿ, ತಡಿ” ಅಂತ ನಿಲ್ಲಿಸೇನಿ.
ಇಮಾಮಸಾಬ ಕನ್ನಡಕ ಹಣಿಗೇರಿಸಿ ಕೇಳ್ತಾನ, ಎಲ್ಲಿ?
ಎಲ್ಲಿ ಅಂತ ಹೇಳಲಿ.
ಅದು ಪತ್ರದಾಗಿಲ್ಲ.

ಶ್ರಾವಣದಾಗ, ಕಾಗದದ ಲೋಡು ತರಾಕ ಹೋದ ರಾತ್ರಿ,
ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನ ಹಿಂದ ಒಂದು ಲಾಡ್ಜು.
ಆಕಿ ಹೆಸರು ನಾ ಕೇಳಲಿಲ್ಲ.
ನನ್ನ ಹೆಸರು ಆಕಿ ಕೇಳಿದ್ಲು.
ಅಷ್ಟ.

ಆಮ್ಯಾಲ ನನ್ನ ಮೈಯೊಳಗೂ ಒಬ್ಬಾಂವ
ಕೆಂಪು ಪೆನ್ನು ಹಿಡಕೊಂಡು ಕುಂತ.
ಬಾಯಾಗ ಒಂದು ಹುಣ್ಣು, ಗೀಟು.
ತೊಡಿ ಮ್ಯಾಲ ಬೆವರಗುಳ್ಳಿ, ಗೀಟು.
ರಾತ್ರಿ ಎರಡಕ್ಕ ಬಚ್ಚಲ ಬಲ್ಬಿನ ಬೆಳಕಿನಾಗ
ನನ್ನ ನಾಲಿಗಿ ನಾನ ಓದಿಕೋತ ನಿಂತಿರ್ತಿದ್ದೆ.
ಅವ್ವ ಕೇಳಿದ್ಲು, ಹಲ್ಲು ನೋಸ್ತಾವೇನೋ?
ಹೂಂ ಬೇ, ಹಲ್ಲು.

ಜಿಲ್ಲಾ ಆಸ್ಪತ್ರಿ. ಕೊನೀ ಬಾಗಿಲು.
ಗುರುತಿನವರು ಸಿಕ್ಕರ ‘ಸಕ್ರಿ ತೋರಸಾಕ’ ಅನ್ನೋದು
ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.
ಯಾರೂ ಸಿಗಲಿಲ್ಲ. ಅಲ್ಲಿ ಹೆಸರೂ ಕೇಳಲಿಲ್ಲ,
ನಾನು ನಲವತ್ತೊಂದು.
ಟೇಬಲ್ಲಿನ ಆಚಿ ಕಡೆ ಕೌನ್ಸೆಲರ್ ಶಕುಂತಲಾ ಹಾದಿಮನಿ,
ಪಕ್ಕಕ್ಕ ಶೇಂಗಾ ಚಟ್ನಿ ಡಬ್ಬಿ, ಮುಚ್ಚಳ ಸಡಿಲು.

ಕಾಗದ ಬಂತು.
ಎಚ್‌ಐವಿ: ನಾನ್ ರಿಯಾಕ್ಟಿವ್.
ಇಂಗ್ಲಿಷಿನಾಗ ಬರದಿದ್ದನ್ನ
ನನ್ನ ಕಣ್ಣು ಕನ್ನಡದಾಗ ಓದಿತು.
ನಾನ್ ರಿಯಾಕ್ಟಿವ್. ನಾನ.
ಅಂಜಿದಾವಗ ವ್ಯಾಕರಣ ಎಲ್ಲಿದು.

ಅದರ ಕೆಳಗ ಆ ‘ನಾನ್’ ಕೂಡ ಇರಲಿಲ್ಲ:
ವಿಡಿಆರ್‌ಎಲ್, ರಿಯಾಕ್ಟಿವ್, ಒಂದಕ್ಕ ಎರಡು.
ಕಾಲಾಗಿನ ಫರಸಿ ಸರದ್ಹಂಗಾತು.

“ಏನು ಕೆಲಸ ಮಾಡ್ತೀರಿ?”
“ಪ್ರೂಫ್ ನೋಡ್ತೇನ್ರಿ.”
“ಹಂಗಾರ ಹೇಳೋದು ಹಗುರಾತು. ಇದು ಮೊದಲನೇ ಕರಡು.
ಈ ಟೆಸ್ಟು ಓಣ್ಯಾಗಿನ ನಾಯಿ ಇದ್ದಂಗ,
ಕಳ್ಳ ಬಂದ್ರೂ ಬೊಗಳ್ತೈತಿ, ಪೋಸ್ಟಮನ್ ಬಂದ್ರೂ ಬೊಗಳ್ತೈತಿ.
ಹೋದ ತಿಂಗಳ ಚಿಕೂನ್‌ಗುನ್ಯಾ ಆಗಿತ್ತು ಅಂದ್ರಲ್ಲ,
ಅದಕ್ಕೂ ಬೊಗಳಿರಬಹುದು.
ಬಂದಾವ ಯಾರು ಅಂತ ನೋಡಾಕ ಇನ್ನೊಂದು ಟೆಸ್ಟ್ ಐತಿ.
ಕಳ್ಳನ ಇದ್ದರ ಪೆನಿಸಿಲಿನ್ ಐತಿ, ಗುಣ ಆಗ್ತೈತಿ.
ಎರಡಕ್ಕೂ ಊಟ ಬಿಡಬ್ಯಾಡ್ರಿ.
ಆ ರಾತ್ರಿಗೆ ಎಷ್ಟು ದಿನ ಆತು?”
“ನೂರಾ ಹನ್ನೆರಡು.”
ಆಕಿ ಮೊದಲನೇ ಸಲ ನಕ್ಕಳು. “ಎಣಿಸೇ ಎಣಿಸೀರಿ!
ತೊಂಬತ್ತು ದಾಟಿತಲ್ಲ,
ಎಚ್‌ಐವಿ ಸಾಲು ಇನ್ನ ತಿದ್ದೋದಿಲ್ಲ.”

ನಾಕು ದಿನ ನಾ ಓದಿದ್ದು:
ಒಂದು ವಾಸ್ತುಶಾಂತಿ, ಎಣ್ಣಿ ಮಿಲ್ಲಿನ ಬಿಲ್‌ಬುಕ್ಕು,
ಎರಡು ಶ್ರದ್ಧಾಂಜಲಿ.
ಸತ್ತಾವನ ವಯಸ್ಸು ಮೂರು ಸರ್ತಿ ನೋಡಿದೆ.
ನನಗಿಂತ ಎರಡು ವರ್ಷ ಸಣ್ಣಾಂವ.

ಐದನೇ ದಿನ ಹೊಸಾ ಕಾಗದ, ಟಿಪಿಎಚ್‌ಎ. ಮತ್ತ ಅದ ‘ನಾನ್’.
ನನ್ನ ಮಾರಿ ನೋಡಿ ಶಕುಂತಲಾಬಾಯಿ ಬೆರಳಿಟ್ಟು ಓದಿಸಿದ್ರು:
“ನಾನ್ ಅಂದ್ರ ನೀವಲ್ಲರೀ. ನಾನ್ ಅಂದ್ರ ಇಲ್ಲ.”

ಹೊರಗ ಬೇವಿನ ಗಿಡದ ಕೆಳಗ ಚಹಾ ಕುಡದೆ.
ಬಿಸಿ ಐತಿ ಅಂತ ತಿಳೀತು.

ಸಂಜಿಗೆ ಬೆಟಗೇರಿಗೆ, ಅಂಬುಜಾಗ, ಫೋನ್ ಮಾಡಿದೆ.
ಆಕಿಗೂ ಇದು ಎರಡನೇ ಲಗ್ನ.
ಲಾಡ್ಜಿನಿಂದ ಹಿಡದು ಚಟ್ನಿ ಡಬ್ಬಿತನಕ ಹೇಳಿದೆ.
ಆ ಕಡೆ ಮಗ್ಗದ ಸಪ್ಪಳ ನಿಂತಿತು.
ಬಾಳ ಹೊತ್ತು ನಿಂತಿತು.

“ಸಿಟ್ಟು ಬ್ಯಾರೆ, ಅದನ್ನ ಆಮ್ಯಾಲ ಮಾಡ್ತೀನಿ.
ಆ ಬಾಗಿಲು ಎಲ್ಲೈತಿ ಅಂತ ಮೊದಲ ಹೇಳು.
ಬಿಟ್ಟು ಹೋದಾಂವ ನನ್ನೊಳಗ ಏನು ಬಿಟ್ಟಾನೋ,
ಆರು ವರ್ಷ ಆತು, ನಾನೂ ನೋಡಿಲ್ಲ.”

ಇಮಾಮಸಾಬ ಮತ್ತ ಕೇಳಿದ, ಓಡಸ್ಲೇನು?
“ಇನ್ನೊಬ್ಬರು ನೋಡೋದೈತಿ” ಅಂದೆ.
ಹಂಗ ಅನಕೋತ ಕಣ್ಣಾಡಿಸಿದರ
‘ಮುಹೂರ್ತ’ದ ದೀರ್ಘ ಖರೇನ ಬಿಟ್ಟಿತ್ತು.
ಇಷ್ಟು ದಿನ ಅಲ್ಲೇ ಇತ್ತು.