ಕಚ್ಚು

ಕಂಕನಾಡಿಯಲ್ಲಿ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ
ನಮ್ಮ ಲ್ಯಾಬು. ಬೋರ್ಡಿಲ್ಲ. ಬರುವವರಿಗೆ ಗೊತ್ತುಂಟು.
ಇಪ್ಪತ್ತಾರು ವರ್ಷದಿಂದ ಹಲ್ಲು ಕಟ್ಟುತ್ತೇನೆ:
ಮೇಣ, ಪ್ಲಾಸ್ಟರು, ಮೂಗು ಕೊರೆಯುವ ಆ ಪುಡಿಯ ವಾಸನೆ.

ಮೊನ್ನೆ ಕಾಲೇಜಿನಿಂದ ಒಂದು ದವಡೆ ಬಂತು.
ಅಚ್ಚಿನ ಅಚ್ಚಿನ ಅಚ್ಚು; ಮೂಲ ಆಫ್ರಿಕಾದಲ್ಲೆಲ್ಲೋ ಬೀಗದೊಳಗೆ.
"ಇನ್ನೊಂದು ಪ್ರತಿ ಬೇಕು ಲಿಗೋರಿ, ಮ್ಯೂಸಿಯಮ್ಮಿಗೆ" ಎಂದರು ಮೇಡಂ.
ಚೀಟಿಯಲ್ಲಿ ಹೆಸರು: ಪ್ಯಾರಾಂತ್ರೋಪಸ್ ಬೋಯ್ಸಿ.
ವಯಸ್ಸು: ಹದಿನೈದು ಲಕ್ಷ.
ನಮ್ಮ ಚೀಟಿಯಲ್ಲಿ ಆ ಜಾಗಕ್ಕೆ ಎರಡೇ ಅಂಕಿಯ ಕೋಣೆ.

ಎಂಥ ದವಡೆ ಮಾರಾಯ್ರೆ!
ನನ್ನ ಯಾವ ಟ್ರೇಯಲ್ಲೂ ಕೂರಲಿಲ್ಲ.
ಒಂದೊಂದು ಅರೆಹಲ್ಲು ನಮ್ಮದರ ಎರಡರಷ್ಟು.
ಮುಂದಿನವು ಮಾತ್ರ ಅಕ್ಕಿಕಾಳು,
ತಪ್ಪು ಮನೆಗೆ ಬಂದ ನೆಂಟರ ಹಾಗೆ
ಒತ್ತಿಕೊಂಡು ನಿಂತಿವೆ.
ಮೊದಲು ಕಂಡವರು ಇವನಿಗೆ
ಕಾಯಿ ಒಡೆಯುವವ ಎಂದು ಅಡ್ಡಹೆಸರಿಟ್ಟರಂತೆ.
ಎಷ್ಟೋ ವರ್ಷ ಕಳೆದು ಹಲ್ಲನ್ನೇ ಕೇಳಿದರು.
ಹಲ್ಲು ಹೇಳಿತು: ಹುಲ್ಲು.
ಕಾಯಲ್ಲ. ನೀರಂಚಿನ ಜೇಕು, ಹುಲ್ಲು,
ಬೆಳಗಿನಿಂದ ಬೈಗಿನವರೆಗೆ
ಅರೆದದ್ದು, ಅರೆದದ್ದು.

ಅದೇ ಮೇಜಿನ ಮೇಲೆ ತೊಕ್ಕೊಟ್ಟಿನ ಅವ್ವಮ್ಮನ ಅಚ್ಚು.
ಡಾಕ್ಟರು ಕಿತ್ತ ಕೊನೆಯ ಎರಡು ಹಲ್ಲು
ಅವರೇ ಕರ್ಚೀಫಿನಲ್ಲಿ ಕಟ್ಟಿ ತಂದು ತೋರಿಸಿದ್ದರು.
ಒಂದರ ತುದಿಯಲ್ಲಿ ಕಚ್ಚು, ಸೂಜಿ ಹೋಗುವಷ್ಟು.
ನಲವತ್ತು ವರ್ಷ ಬೀಡಿಯ ನೂಲು ಕಡಿದದ್ದು.
ದಿನಕ್ಕೆ ಸಾವಿರ. ನೀವೇ ಗುಣಿಸಿ.

"ಹೊಸದರಲ್ಲಿಯೂ ಇದು ಬರ್ತದಾ?"
ಇಲ್ಲ ಎಂದೆ. ಕ್ಯಾಟಲಾಗಿನ ಹಲ್ಲು ಅದು,
ಮದುಮಗಳ ಹಲ್ಲು.
"ಈಗ ಬೀಡಿ ಕಟ್ಟುವುದಿಲ್ಲ," ಎಂದರು,
"ಆದರೂ ನಾಲಗೆ ಅಲ್ಲಿಗೇ ಹೋಗ್ತದೆ."

ಸಂಜೆ ಅಚ್ಚು ಬಿಚ್ಚಿದೆ.
ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯೇಳುತ್ತದೆ, ಸಣ್ಣ ಜ್ವರದಷ್ಟು.
ಬೋಯ್ಸಿಯ ದವಡೆ ಅಂಗೈಯಲ್ಲಿ ಬೆಚ್ಚಗೆ,
ಈಗಷ್ಟೇ ಊಟ ಮುಗಿಸಿದ ಹಾಗೆ.
ಆ ಕುಲದಲ್ಲಿ ಕೊನೆಗೆ ಅಗಿದದ್ದು ಗಂಡೋ, ಹೆಣ್ಣೋ?
ಪಕ್ಕದಲ್ಲಿ ಯಾರಾದರೂ ಇದ್ದರೋ,
ಸದ್ದು ಒಂದೇ ಬಾಯಿಯದೋ?
ಹೆಸರು ನಾವು ತಪ್ಪಿಟ್ಟೆವು.
ಅದಕ್ಕೆ ಬೇಜಾರಿರಲಿಕ್ಕಿಲ್ಲ.

ಆಮೇಲೆ ಸಣ್ಣ ಅರ ತೆಗೆದು
ಡಾಕ್ಟರಲ್ಲಿ ಕೇಳದೆ
ಅವ್ವಮ್ಮನ ಹೊಸ ಹಲ್ಲಿನ ತುದಿಗೆ
ಒಂದೇ ಒಂದು ಸಲ ಎಳೆದೆ.